ಹಾಲಿನ ಪಾತ್ರೆಗೆ ತಣ್ಣೀರು

ತಂಗಿಯ ಮಗಳು ಪುಟ್ಟಿ ಓದಲೆಂದು ಅಮೆರಿಕಕ್ಕೆ ಹೋದ ಮೂರನೆಯ ವಾರಕ್ಕೆ ಫೋನ್ ಮಾಡಿ, "ಮಾವ, ನಂಗೆ ಕೆಲಸ ಸಿಕ್ತು" ಎಂದಳು. ಪದವಿ ಮುಗಿಸಿ ಆರು ವರ್ಷ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಬಾಗಿಲು ಕಾದವನು ನಾನು. ಕಾಲೇಜಿಗೆ ಸೇರಿದ ಮೂರೇ ವಾರಕ್ಕೆ ಕೆಲಸ ಎಂದರೆ ಮೈ ಝುಮ್ಮೆನ್ನದೆ ಇರುತ್ತದೆಯೇ? ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, "ಏನು ಕೆಲಸವೇ?" ಎಂದೆ.

"ಪಾತ್ರೆ ತೊಳೆಯೋದು."

ಸ್ಪೀಕರ್ ಹಾಕಿದ್ದು ತಪ್ಪಾಯಿತು. ಅಮ್ಮನ ಕೈಯಲ್ಲಿದ್ದ ಬತ್ತಿ ಅರ್ಧಕ್ಕೇ ನಿಂತಿತು. "ಯಾರ ಪಾತ್ರೆ?" ಎಂದಳು.

"ಎಲ್ಲರದ್ದೂ ಅಜ್ಜಿ. ಒಂಬೈನೂರು ಜನ ಇದ್ದೀವಿ."

ಒಂಬೈನೂರು ಜನರ ಎಂಜಲು ಎಂಬುದನ್ನು ಅಮ್ಮ ಮನಸ್ಸಿನಲ್ಲಿ ಹರಡಿಕೊಂಡು ನೋಡಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಫೋನಿನ ಕಡೆಗಲ್ಲ, ನನ್ನ ಕಡೆಗೆ ತಿರುಗಿ, "ಗದ್ದೆ ಅಡವಿಟ್ಟು ಕಳಿಸಿದ್ದು ಮುಸುರೆ ತಿಕ್ಕೋದಕ್ಕಾ?" ಎಂದಳು. ನಾವು ಯಾವ ಗದ್ದೆಯನ್ನೂ ಅಡವಿಟ್ಟಿರಲಿಲ್ಲ. ನಮಗೆ ಗದ್ದೆಯೇ ಇರಲಿಲ್ಲ. ಆದರೆ ಇಂಥ ಮಾತಿಗೆ ಎಲ್ಲಿಂದಲಾದರೂ ಒಂದು ಗದ್ದೆ ಬೇಕಾಗುತ್ತದೆ.

ಪುಟ್ಟಿ ಸಮಾಧಾನವಾಗಿ ವಿವರಿಸಿದಳು. ಅದು ದುಡ್ಡಿಲ್ಲದ್ದಕ್ಕೆ ಹಿಡಿದ ಕೆಲಸವಲ್ಲ. ತಪ್ಪು ಮಾಡಿದ್ದಕ್ಕೆ ಕೊಟ್ಟ ಶಿಕ್ಷೆಯೂ ಅಲ್ಲ. ಕಾಲೇಜಿನ ನಿಯಮ. ಅಲ್ಲಿಯೇ ಉಳಿದು ಓದುವ ಪ್ರತಿಯೊಬ್ಬರೂ ವಾರಕ್ಕೆ ಹತ್ತು ಗಂಟೆ ಕಾಲೇಜಿನ ಯಾವುದಾದರೊಂದು ಕೆಲಸ ಮಾಡಬೇಕು. ಒಬ್ಬರು ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದರೆ, ಇನ್ನೊಬ್ಬರು ಹುಲ್ಲು ಕತ್ತರಿಸುತ್ತಾರೆ, ಮತ್ತೊಬ್ಬರು ಕಕ್ಕಸು ತೊಳೆಯುತ್ತಾರೆ. "ನನಗೆ ಪಾತ್ರೆ ಬಂತು. ಇನ್ನೂ ಅದೃಷ್ಟ" ಎಂದಳು. ಕಕ್ಕಸಿನ ಮಾತು ಬಂದಮೇಲೆ ಅಮ್ಮನಿಗೂ ಪಾತ್ರೆ ಕೊಂಚ ಸಹ್ಯವಾದಂತೆ ಕಂಡಿತು.

ಪುಟ್ಟಿಯ ಕಾಲೇಜಿನ ಹೆಸರು ಬರೆಯಬಾರದೆಂದು ನನ್ನ ತಂಗಿಯ ಅಪ್ಪಣೆಯಾಗಿದೆ. "ನಾಳೆ ಗಂಡಿನ ಕಡೆಯವರು ಓದಿದರೆ?" ಎಂಬುದು ಅವಳ ಚಿಂತೆ. ನನ್ನ ಪ್ರಬಂಧಗಳನ್ನು ಗಂಡಿನ ಕಡೆಯವರಿರಲಿ, ನಮ್ಮ ಕಡೆಯವರೂ ಓದುವುದಿಲ್ಲವೆಂದು ಹೇಳಿದರೂ ಕೇಳಲಿಲ್ಲ. ನೆರೆಹೊರೆಯವರಿಗೆ ಅವಳು ಹೇಳಿಕೊಂಡಿರುವುದು, "ನಮ್ಮ ಪುಟ್ಟಿ ಓದಿನ ಜೊತೆಗೇ ಡೈನಿಂಗ್ ಮ್ಯಾನೇಜ್‌ಮೆಂಟ್‌ನಲ್ಲಿದ್ದಾಳೆ" ಎಂದು. ಸುಳ್ಳೇನಲ್ಲ. ಊಟ ಮುಗಿದ ಮೇಲಿನ ಮ್ಯಾನೇಜ್‌ಮೆಂಟು, ಅಷ್ಟೆ.

ಅಂದು ರಾತ್ರಿ ಚಿಂತೆಯಿಂದ ನನಗೆ ನಿದ್ದೆ ಬರಲಿಲ್ಲ ಎಂದು ಬರೆಯುವ ಆಸೆಯಿದೆ. ಆದರೆ ಚೆನ್ನಾಗಿಯೇ ಬಂತು. ಬೆಳಗಾದ ಮೇಲೆ ಈ ಕೆಲಸದ ಕಾಲೇಜುಗಳ ವಿಚಾರ ಹುಡುಕಿಕೊಂಡು ಓದಿದೆ. ಅಮೆರಿಕದಲ್ಲಿ ಇವಕ್ಕೆ 'ವರ್ಕ್ ಕಾಲೇಜ್' ಎಂದು ಸರ್ಕಾರಿ ಹೆಸರೇ ಇದೆ. ಅಷ್ಟು ದೊಡ್ಡ ದೇಶದಲ್ಲಿ ಇರುವುದು ಹತ್ತರ ಆಸುಪಾಸು. ಅವುಗಳಲ್ಲಿ ಹಿರಿಯಣ್ಣನಂತಿರುವುದು ಕೆಂಟಕಿ ರಾಜ್ಯದ ಬೆರಿಯಾ ಕಾಲೇಜು. 1855ರಲ್ಲಿ ಜಾನ್ ಫೀ ಎಂಬ ಪಾದ್ರಿ ಕಟ್ಟಿದ್ದು. ಆತ ಗುಲಾಮಗಿರಿಯ ಕಡುವಿರೋಧಿ. ಕೆಂಟಕಿಯೋ ಗುಲಾಮರನ್ನು ಇಟ್ಟುಕೊಂಡಿದ್ದ ರಾಜ್ಯ. ಅಂಥ ಕಡೆ ಕರಿಯರೂ ಬಿಳಿಯರೂ, ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಟ್ಟಿಗೆ ಕೂತು ಓದಲಿ ಎಂದು ಹೊರಟವನು. ಒಟ್ಟಿಗೆ ಕೂರುವುದನ್ನು 1904ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದು ನಿಲ್ಲಿಸಿತು. ಅದು ಸಡಿಲವಾಗಲು 1950 ಬರಬೇಕಾಯಿತು. 1892ರಿಂದ ಈಚೆಗೆ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕಡಿಮೆಯೆಂದರೆ ಹತ್ತು ಗಂಟೆ ದುಡಿಯಬೇಕು. ಅದಕ್ಕೆ ಸಣ್ಣ ಸಂಬಳವೂ ಉಂಟು. ಪದವಿ ಮುಗಿದಾಗ ಓದಿನದೊಂದು ಅಂಕಪಟ್ಟಿಯಾದರೆ, ಮಾಡಿದ ಕೆಲಸಗಳದೇ ಬೇರೊಂದು ದಾಖಲೆ ಕೈಗೆ ಬರುತ್ತದೆ.

ಬೆರಿಯಾದ ವಿದ್ಯಾರ್ಥಿಗಳು ಮಗ್ಗದಲ್ಲಿ ನೇಯುತ್ತಾರೆ, ಮರಗೆಲಸ ಮಾಡುತ್ತಾರೆ, ಊರಿನ ಹೋಟೆಲಿನಲ್ಲಿ ದುಡಿಯುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪೊರಕೆ ಕಟ್ಟುವ ವಿಭಾಗ. ಕಾಲೇಜಿನಲ್ಲಿ ಪೊರಕೆಗೊಂದು ವಿಭಾಗ! ಅಲ್ಲಿ ಪೊರಕೆ ಕಟ್ಟಲು ಬಳಸುವುದು ಬ್ರೂಮ್‌ಕಾರ್ನ್ ಎಂಬ ಗಿಡದ ತೆನೆಕಡ್ಡಿ. ಅದೇನೆಂದು ವಿಚಾರಿಸಿದರೆ, ನಮ್ಮ ಜೋಳದ ದಾಯಾದಿ. ಒಂದೇ ಕುಲದ ಗಿಡವನ್ನು ನಮ್ಮ ವಿಜಯಪುರದವರು ರೊಟ್ಟಿ ಬಡಿದು ತಿಂದರು. ಅವರು ಅದನ್ನೇ ಕಟ್ಟಿ ಮನೆ ಗುಡಿಸಿದರು. ಪೊರಕೆಯ ವಿಷಯದಲ್ಲಿ ನಾವೇನೂ ಹಿಂದುಳಿದವರಲ್ಲ. ಮೈಸೂರಿನ ಪೊರಕೆ ಉತ್ತರಕ್ಕೆ ಹೋದರೆ ಕಸಬರಿಗೆ, ಕರಾವಳಿಗಿಳಿದರೆ ಹಿಡಿಸೂಡಿ. ಒಳಮನೆಗೆ ಹುಲ್ಲಿನದು, ಅಂಗಳಕ್ಕೆ ತೆಂಗಿನ ಕಡ್ಡಿಯದು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ಲಕ್ಷ್ಮಿ ಎನ್ನುತ್ತೇವೆ. ಇಷ್ಟೆಲ್ಲ ಗೌರವ ಕೊಟ್ಟು, ಅದನ್ನು ಹಿಡಿಯುವ ಕೈಗೆ ಮಾತ್ರ ಏನೂ ಕೊಡುವುದಿಲ್ಲ.

ಬೆರಿಯಾಗಿಂತ ವಿಚಿತ್ರವಾದದ್ದು ಕ್ಯಾಲಿಫೋರ್ನಿಯಾದ ಮರುಭೂಮಿಯ ಕಣಿವೆಯಲ್ಲಿರುವ ಡೀಪ್ ಸ್ಪ್ರಿಂಗ್ಸ್ ಕಾಲೇಜು. 1917ರಲ್ಲಿ ಎಲ್. ಎಲ್. ನನ್ ಎಂಬ ಉದ್ಯಮಿ ಕಟ್ಟಿದ್ದು. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಹೋಯಿತಲ್ಲ, ಈತ ಅದಕ್ಕೂ ಹನ್ನೊಂದು ವರ್ಷ ಮೊದಲೇ ಕೊಲರಾಡೋದ ಬೆಟ್ಟದ ಗಣಿಗೆ ನೀರಿನಿಂದ ತೆಗೆದ ಕರೆಂಟು ಹರಿಸಿದವನು. ಅವನ ಕಾಲೇಜಿನಲ್ಲಿ ಇರುವವರು ಮೂವತ್ತರೊಳಗೆ. ಓದು, ಊಟ, ವಸತಿ ಎಲ್ಲ ಉಚಿತ. ಆದರೆ ವಾರಕ್ಕೆ ಇಪ್ಪತ್ತು ಗಂಟೆ ದುಡಿಮೆ: ಬೆಳಗಿನ ಜಾವ ಎದ್ದು ಹಸು ಕರೆಯಬೇಕು, ಹೊಲಕ್ಕೆ ನೀರು ಕಟ್ಟಬೇಕು, ದನ ಮೇಯಿಸಬೇಕು, ಅಡುಗೆ ಮಾಡಬೇಕು. ಯಾರಿಗೆ ಯಾವ ಕೆಲಸ ಎಂದು ಹಂಚುವವನೂ ವಿದ್ಯಾರ್ಥಿಯೇ. ಅವನಿಗೆ ಲೇಬರ್ ಕಮಿಷನರ್ ಎಂಬ ಪದವಿ. ನಮ್ಮಲ್ಲಿ ಆ ಹುದ್ದೆಗೆ ಕೆಂಪು ದೀಪದ ಕಾರು ಬೇಕಾಗುತ್ತಿತ್ತು. ನೂರು ವರ್ಷ ಗಂಡುಹುಡುಗರೇ ಇದ್ದ ಆ ಕಣಿವೆಗೆ 2018ರಲ್ಲಿ ಹೆಣ್ಣುಮಕ್ಕಳೂ ಬಂದರು.

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವಳು ಏನೂ ಬೆರಗಾಗಲಿಲ್ಲ. "ಇದರಲ್ಲಿ ಹೊಸದೇನಿದೆಯೋ? ಧೌಮ್ಯರ ಆಶ್ರಮದಲ್ಲಿ ಇರಲಿಲ್ಲವೇ?" ಎಂದಳು.

ಇತ್ತು. ಯೋಚಿಸಿದರೆ ಮಹಾಭಾರತದ ಧೌಮ್ಯರದು ಪಕ್ಕಾ ಕೆಲಸದ ಕಾಲೇಜು. ಮೂರೇ ವಿದ್ಯಾರ್ಥಿಗಳು, ಮೂರು ಇಲಾಖೆ. ಆರುಣಿಗೆ ನೀರಾವರಿ: ಗದ್ದೆಯ ಬದು ಒಡೆದದ್ದು ನಿಲ್ಲದಿದ್ದಾಗ ತಾನೇ ಅಡ್ಡ ಮಲಗಿ ನೀರು ತಡೆದ. ಉಪಮನ್ಯುವಿಗೆ ಪಶುಸಂಗೋಪನೆ: ಗುರುಗಳು ಊಟದ ದಾರಿಗಳನ್ನು ಒಂದೊಂದಾಗಿ ಮುಚ್ಚಿದ್ದಕ್ಕೆ ಹಸಿವು ತಡೆಯದೆ ಎಕ್ಕದೆಲೆ ತಿಂದು ಕಣ್ಣು ಕಳೆದುಕೊಂಡು ಬಾವಿಗೆ ಬಿದ್ದ. ಮೂರನೆಯವನಾದ ವೇದ ಎಂಬುವನಿಗೆ ಸಾಮಾನ್ಯ ಸೇವೆ, ಅಂದರೆ ಎತ್ತಿನ ಹಾಗೆ ಎಲ್ಲದಕ್ಕೂ ಹೆಗಲು ಕೊಡುವುದು. ಇಂದಾಗಿದ್ದರೆ ಉಪಮನ್ಯುವಿನ ತಂದೆತಾಯಿ ಧೌಮ್ಯರ ಮೇಲೆ ಕೇಸು ಹಾಕುತ್ತಿದ್ದರು. ಅಂದು ಅಶ್ವಿನೀದೇವತೆಗಳು ಬಂದು ಕಣ್ಣು ಕೊಟ್ಟು ರಾಜಿ ಮಾಡಿಸಿದರು. ಇನ್ನು ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲ. ಗುರುಗಳು ನಾನೂರು ಬಡಕಲು ಹಸುಗಳನ್ನು ಹೊಡೆದುಕೊಟ್ಟು ಕಾಡಿಗೆ ಕಳಿಸಿದರೆ, ಸಾವಿರವಾಗುವ ತನಕ ಬರುವುದಿಲ್ಲ ಎಂದು ಹೋದ. ಪಾಠವೆಲ್ಲ ಹಿಂದಿರುಗುವ ದಾರಿಯಲ್ಲಿ ಆಯಿತು. ಒಂದು ಪಾಠ ಎತ್ತು ಹೇಳಿತು, ಒಂದು ಬೆಂಕಿ, ಒಂದು ಹಂಸ, ಇನ್ನೊಂದು ನೀರುಹಕ್ಕಿ. ನಾಲ್ವರೂ ಗೆಸ್ಟ್ ಲೆಕ್ಚರರುಗಳು. ಸಂಬಳ ಬಾಕಿಯಿಲ್ಲದ ಗೆಸ್ಟ್ ಲೆಕ್ಚರರುಗಳ ಬಗ್ಗೆ ನಾನು ಓದಿದ್ದು ಅದೊಂದೇ ಕಡೆ.

ನನ್ನ ಕಾಲೇಜಿನ ಕಾಲದಲ್ಲಿ ಕೆಲಸ ಎಂದರೆ ಎನ್ನೆಸ್ಸೆಸ್. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧೀಜಿಯ ಶತಮಾನೋತ್ಸವದ ವರ್ಷ. ವರ್ಷಕ್ಕೊಮ್ಮೆ ಒಂದು ಹಳ್ಳಿಯಲ್ಲಿ ವಾರದ ಶಿಬಿರ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಮೂರು ಹೊತ್ತೂ ಉಪ್ಪಿಟ್ಟು. ಹದಿನೈದು ಹುಡುಗರು ಸೇರಿ ಒಂದು ಗುಂಡಿ ತೋಡುತ್ತಿದ್ದೆವು. ಒಬ್ಬ ಹಾರೆ ಹಿಡಿದರೆ ಹದಿನಾಲ್ಕು ಮಂದಿ ಸಲಹೆ. ಫೋಟೋದವನು ಬಂದಾಗ ಹದಿನೈದು ಜನರೂ ಹಾರೆ ಹಿಡಿಯುತ್ತಿದ್ದೆವು. ಮುಖ್ಯ ಅತಿಥಿಗಳು ಗಿಡ ನೆಟ್ಟು ಕೈ ತೊಳೆದುಕೊಂಡರು. ಮರುವರ್ಷ ಅದೇ ಊರಿಗೆ ಹೋದಾಗ ಊರಿನ ಹಿರಿಯರೊಬ್ಬರು, "ಹೊಸ ಗುಂಡಿ ಯಾಕೆ ತೋಡ್ತೀರಿ ಸ್ವಾಮಿ, ಹೋದ ವರ್ಷದ್ದು ಹಾಗೇ ಇಟ್ಟಿದ್ದೀವಿ" ಎಂದು ಕರೆದುಕೊಂಡು ಹೋಗಿ ತೋರಿಸಿದರು. ಆಡು ಗಿಡವನ್ನು ತಿಂದಿತ್ತು. ಗುಂಡಿಯನ್ನು ತಿನ್ನಲಾಗಿರಲಿಲ್ಲ.

ನಿಜವಾಗಿ ಕಡ್ಡಾಯದ ಕೆಲಸ ಇದ್ದದ್ದು ನಾನಿದ್ದ ಹಾಸ್ಟೆಲಿನ ಮೆಸ್ಸಿನಲ್ಲಿ. ಅದು ಡಿವೈಡಿಂಗ್ ಮೆಸ್. ತಿಂಗಳ ಖರ್ಚನ್ನು ತಲೆಗಿಷ್ಟು ಎಂದು ಹಂಚಿಕೊಳ್ಳುವುದು. ಸರದಿಯ ಪ್ರಕಾರ ತಿಂಗಳಿಗಿಬ್ಬರು ಲೆಕ್ಕ ಬರೆಯಬೇಕು, ಉಗ್ರಾಣದ ಬೀಗ ಇಟ್ಟುಕೊಳ್ಳಬೇಕು, ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿ ತರಕಾರಿ ತರಬೇಕು. ನನ್ನ ಸರದಿಯ ಮೊದಲ ವಾರ ಸೀಮೆಬದನೆಕಾಯಿ ಬಹಳ ಅಗ್ಗಕ್ಕೆ ಸಿಕ್ಕಿತು. ಮೆಸ್ ಬಿಲ್ ಇಳಿಸಿ ಚರಿತ್ರೆಯಲ್ಲಿ ಹೆಸರು ಉಳಿಸಬೇಕೆಂಬ ಹಂಬಲದಲ್ಲಿ ಎರಡು ಮೂಟೆ ತಂದೆ. ಸೋಮವಾರ ಸೀಮೆಬದನೆ ಹುಳಿ, ಮಂಗಳವಾರ ಪಲ್ಯ, ಬುಧವಾರ ಕೂಟು. ಗುರುವಾರ ಭಟ್ಟರು ಅದರ ಬಜ್ಜಿಯನ್ನೂ ಮಾಡಿದರು. ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಯಾರೋ ಸೀಮೆಬದನೆಕಾಯಿಯ ಚಿತ್ರ ಬರೆದು ಹಾರ ಹಾಕಿದ್ದರು. ನಲವತ್ತು ವರ್ಷವಾದರೂ ಹಳೆಯ ಸ್ನೇಹಿತರು ಸಿಕ್ಕರೆ "ಏನೋ ಸೀಮೆ" ಎಂದೇ ಕರೆಯುವುದು. ಹೆಸರು ಉಳಿಯಿತು. ಆ ಕಾಲೇಜಿನಲ್ಲಿ ಕಲಿತ ಅರ್ಥಶಾಸ್ತ್ರದಲ್ಲಿ ನನಗೆ ಇವತ್ತಿಗೂ ನೆನಪಿರುವ ಪಾಠವೆಂದರೆ ಆ ಎರಡು ಮೂಟೆ.

ಆದರೆ ಒಂದು ಮಾತು. ಅದೇ ಮೆಸ್ಸಿನಲ್ಲಿ ಲೆಕ್ಕ ಬರೆಯಲು, ತರಕಾರಿ ತರಲು ನಮಗೆ ಸರದಿ ಇತ್ತು. ತಟ್ಟೆ ತೊಳೆಯಲು ಇರಲಿಲ್ಲ. ಅದು ನಮಗೆ ಹೊಳೆಯಲೂ ಇಲ್ಲ. ಸ್ವಾವಲಂಬನೆ ಎಂದು ಮೆಸ್ಸಿನ ಗೋಡೆಯ ಮೇಲೆ ಬರೆದಿತ್ತು. ಅದರ ಕೆಳಗೇ ಎಂಜಲು ತಟ್ಟೆ ಇಟ್ಟು ಎದ್ದು ಹೋಗುತ್ತಿದ್ದೆವು.

ಪುಟ್ಟಿ ಭಾನುವಾರಗಳಂದು ಫೋನ್ ಮಾಡುತ್ತಾಳೆ. ನಾನು ಪಾಠದ ವಿಷಯ ಕೇಳಿದರೆ ಒಂದು ಮಾತಿನಲ್ಲಿ ಮುಗಿಸಿ, ಪಾತ್ರೆಮನೆಯ ವಿಷಯಕ್ಕೆ ಬರುತ್ತಾಳೆ. ಊಟದ ಹಾಲ್‌ನಿಂದ ಚಲಿಸುವ ಪಟ್ಟಿಯ ಮೇಲೆ ತಟ್ಟೆಗಳು ಒಂದರ ಹಿಂದೊಂದು ಬರುತ್ತವೆ. ಮೂವರು ಸಾಲಾಗಿ ನಿಂತಿರುತ್ತಾರೆ. ಮೊದಲನೆಯವರು ಉಳಿದದ್ದನ್ನು ಬಳಿದು ಹಾಕಬೇಕು, ಎರಡನೆಯವರು ನೀರು ಹಾಯಿಸಬೇಕು, ಮೂರನೆಯವರು ಮೆಷಿನ್ನಿನ ಬುಟ್ಟಿಗೆ ಜೋಡಿಸಬೇಕು. ಆವಿಗೆ ಕನ್ನಡಕ ಮಂಜಾಗುತ್ತದೆ. ಒಂದು ತಟ್ಟೆ ತಡವಾದರೆ ಹಿಂದಿನವು ಒಂದರ ಮೇಲೊಂದು ಏರುತ್ತವೆ. ಯಾರು ಹೇಗೆ ಉಂಡರೆಂದು ತಟ್ಟೆ ನೋಡಿ ಹೇಳಬಲ್ಲಳಂತೆ. ಪರೀಕ್ಷೆಯ ವಾರ ತಟ್ಟೆಗಳಲ್ಲಿ ಊಟ ಹಾಗೆಯೇ ಬರುತ್ತದೆ, ಕಾಫಿ ಲೋಟಗಳು ಮಾತ್ರ ದುಪ್ಪಟ್ಟು. ಕಡಲೆಬೀಜದ ಬೆಣ್ಣೆ ಮೆತ್ತಿದ ಚಾಕು ಕಂಡರೆ ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಶತ್ರು ಒಣಗಿದ ಮೊಟ್ಟೆ.

"ಮೊಟ್ಟೆ!" ಎಂದಳು ಅಮ್ಮ.

"ಹೂಂ ಅಜ್ಜಿ. ಬಿಸಿನೀರು ಹಾಕಿದರೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಮೊದಲು ತಣ್ಣೀರಲ್ಲೇ ನೆನೆಸಬೇಕು. ನಂಗೆ ಇದು ಗೊತ್ತಿರಲಿಲ್ಲ, ಅಲ್ಲಿನ ಸೀನಿಯರ್ ಹೇಳಿಕೊಟ್ಟಳು."

ಅಮ್ಮ ಮೊಟ್ಟೆಯನ್ನು ಮರೆತಳು. ಮುಖದಲ್ಲಿ ಬೇರೊಂದು ಬೆಳಕು ಬಂತು. "ಹಾಲು ಕಾಯಿಸಿದ ಪಾತ್ರೆಗೂ ಅದೇ ಕಣೇ. ಬಗ್ಗಿಸಿದ ತಕ್ಷಣ ತಣ್ಣೀರು ಹಾಕಿಡಬೇಕು. ಬಿಸಿನೀರು ಹಾಕಿದೆಯೋ ಕೆನೆ ಹಿಡಿದುಕೊಂಡು ಕೂರುತ್ತೆ. ನಿಮ್ಮಮ್ಮನಿಗೆ ಇಪ್ಪತ್ತು ವರ್ಷದಿಂದ ಹೇಳ್ತಿದ್ದೀನಿ, ಕೇಳಲ್ಲ." ಅಲ್ಲಿಂದ ಮಾತು ತಳ ಹಿಡಿದ ಪಾಯಸದ ಪಾತ್ರೆಗೆ ಹೋಯಿತು, ಹಿತ್ತಾಳೆಗೆ ಹುಣಸೆಹಣ್ಣು, ಜಿಡ್ಡಿಗೆ ಸೀಗೆಪುಡಿ, ಕಬ್ಬಿಣದ ಬಾಣಲೆಯನ್ನು ನೆನೆಹಾಕಲೇಬಾರದು ಎಂಬಲ್ಲಿಗೆ ಹೋಯಿತು. ಇಪ್ಪತ್ತು ನಿಮಿಷ ನನಗೆ ಫೋನ್ ಕೊಡಲಿಲ್ಲ. ಮೊಮ್ಮಗಳ ಜೊತೆ ಅಮ್ಮ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇಬ್ಬರೂ ಒಂದೇ ಇಲಾಖೆಯ ನೌಕರರು. ವ್ಯತ್ಯಾಸವೆಂದರೆ, ಒಬ್ಬಳಿಗೆ ವಾರಕ್ಕೆ ಹತ್ತು ಗಂಟೆ, ಗಂಟೆಗಿಷ್ಟು ಸಂಬಳ, ಕೊನೆಯಲ್ಲೊಂದು ಪ್ರಮಾಣಪತ್ರ. ಇನ್ನೊಬ್ಬಳದು ಅರವತ್ತು ವರ್ಷದ ಸರ್ವಿಸು, ರಜೆಯಿಲ್ಲ, ನಿವೃತ್ತಿಯಿಲ್ಲ, ಅಂಕಪಟ್ಟಿಯಂತೂ ಯಾರೂ ಕೊಡಲಿಲ್ಲ.

ಅಮ್ಮನಿಗೂ ಒಂದು ಸಹಾಯ ಇತ್ತೆನ್ನಿ. ನಾನು ಚಿಕ್ಕವನಾಗಿದ್ದಾಗ ಮುಸುರೆಗೆ ಒಬ್ಬಾಕೆ ಬರುತ್ತಿದ್ದಳು. ಹಿತ್ತಿಲ ಬಾಗಿಲಿನಿಂದ ಬಂದು, ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತು ಬೂದಿಯಲ್ಲಿ ಪಾತ್ರೆ ಬೆಳಗಿ ಬೋರಲು ಹಾಕಿ, ಹಿತ್ತಿಲ ಬಾಗಿಲಿನಿಂದಲೇ ಹೋಗುತ್ತಿದ್ದಳು. ಅವಳು ತೊಳೆದಿಟ್ಟ ಪಾತ್ರೆಗಳ ಮೇಲೆ ನಮ್ಮಜ್ಜಿ ಒಂದು ಚೊಂಬು ನೀರು ಹೊಯ್ದು ಆಮೇಲೆ ಒಳಗೆ ತೆಗೆದುಕೊಳ್ಳುತ್ತಿದ್ದರು. ನಮ್ಮ ಎಂಜಲನ್ನು ತೊಳೆದು ತೆಗೆದವಳ ಕೈಯನ್ನು ನಾವು ತೊಳೆದು ತೆಗೆಯುತ್ತಿದ್ದೆವು. ಅವಳಿಗೆ ಕಾಫಿ ಕೊಡುವ ಲೋಟ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ಆ ಲೋಟದ ಅಂಚಿನಲ್ಲಿದ್ದ ನಗ್ಗು ನನಗೆ ಈಗಲೂ ನೆನಪಿದೆ. ಆಕೆಯ ಹೆಸರು ನೆನಪಿಲ್ಲ.

ಪುಟ್ಟಿಯ ಕಾಲೇಜಿನ ನಿಯಮದಲ್ಲಿ ನನಗೆ ಹಿಡಿಸಿದ್ದು 'ಕಡ್ಡಾಯ' ಎಂಬ ಒರಟು ಮಾತೇ. ಬೇರೆ ಕಾಲೇಜುಗಳಲ್ಲೂ ಹುಡುಗರು ದುಡಿಯುತ್ತಾರೆ. ಆದರೆ ಅಲ್ಲಿ ದುಡಿಯುವವನು ದುಡ್ಡಿಲ್ಲದವನು. ಅವನು ತಟ್ಟೆ ಎತ್ತುತ್ತಾನೆ, ಪಕ್ಕದ ಬೆಂಚಿನ ಗೆಳೆಯ ಅದೇ ತಟ್ಟೆಯಲ್ಲಿ ಉಣ್ಣುತ್ತಾನೆ. ಕೆಲಸವೇ ಹಣೆಪಟ್ಟಿ. ಎಲ್ಲರಿಗೂ ಕಡ್ಡಾಯವಾದ ಕಡೆ ಪೊರಕೆ ನೋಡಿ ಯಾರ ಮನೆತನವನ್ನೂ ಊಹಿಸುವಂತಿಲ್ಲ. ಬೇಕಾದವರು ಮಾಡಿ ಎಂಬ ಉದಾರಮಾತಿಗಿಂತ, ಎಲ್ಲರೂ ಮಾಡಲೇಬೇಕು ಎಂಬ ಕಟ್ಟಪ್ಪಣೆಯಲ್ಲೇ ಕರುಣೆ ಹೆಚ್ಚು.

ಈ ಮಾತು ನಮ್ಮವರಿಗೆ ತಿಳಿಯದ್ದೇನಲ್ಲ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು ಸಾತಾರದ ತಮ್ಮ ಹಾಸ್ಟೆಲಿನಲ್ಲಿ ಎಲ್ಲ ಜಾತಿಯ ಹುಡುಗರನ್ನೂ ಒಟ್ಟಿಗೆ ಇಟ್ಟು, ಒಟ್ಟಿಗೆ ಉಣ್ಣಿಸಿ, ಒಟ್ಟಿಗೆ ದುಡಿಸಿದರು. ದುಡಿ, ಕಲಿ ಎಂಬುದೇ ಅವರ ಪದ್ಧತಿ. ಹುಡುಗರ ಊಟಕ್ಕೆ ಇಲ್ಲದಾದಾಗ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಒಡವೆಗಳನ್ನು ಕೊಟ್ಟರು. ಪಾಟೀಲರ ಹಿರಿಯರು ನಮ್ಮ ಮೂಡುಬಿದಿರೆಯಿಂದ ಹೋದವರು ಎನ್ನುತ್ತಾರೆ. ಅದಕ್ಕೂ ಮೊದಲು, 1915ರ ಮಾರ್ಚಿನಲ್ಲಿ, ಗಾಂಧೀಜಿ ಶಾಂತಿನಿಕೇತನಕ್ಕೆ ಹೋದವರು ಸುಮ್ಮನೆ ಇರಲಿಲ್ಲ. ಅಡುಗೆಯವರನ್ನು ಬಿಟ್ಟು ಹುಡುಗರೂ ಮೇಷ್ಟರುಗಳೂ ತಾವೇ ಬೇಯಿಸಿ ತಾವೇ ತೊಳೆದುಕೊಂಡರೆ ಹೇಗೆ ಎಂದರು. ಟಾಗೋರರು ಒಪ್ಪಿದರು. ದೊಡ್ಡ ದೊಡ್ಡ ಹಂಡೆಗಳನ್ನು ಉಜ್ಜುವ ತಂಡಕ್ಕೆ ಬೇಸರವಾಗದಿರಲಿ ಎಂದು ಇನ್ನೊಂದು ತಂಡ ಎದುರು ಕೂತು ಸಿತಾರ್ ನುಡಿಸುತ್ತಿತ್ತಂತೆ. ಶಾಂತಿನಿಕೇತನವೆಂದರೆ ಹಾಗೆ. ಪಾತ್ರೆ ತೊಳೆಯುವುದಕ್ಕೂ ರಾಗ ಬೇಕು. ನನ್ನನ್ನು ಕೇಳಿದ್ದರೆ ನಾನು ಸಿತಾರ್ ತಂಡಕ್ಕೇ ಅರ್ಜಿ ಹಾಕುತ್ತಿದ್ದೆ, ಬಹುಶಃ ಎಲ್ಲರೂ ಅಲ್ಲಿಗೇ ಹಾಕಿದರೋ ಏನೋ, ಪ್ರಯೋಗ ಬಹಳ ಕಾಲ ನಡೆಯಲಿಲ್ಲ. ಆದರೂ ಪ್ರತಿವರ್ಷ ಮಾರ್ಚ್ 10ರಂದು ಅಲ್ಲಿ ಗಾಂಧಿ ಪುಣ್ಯಾಹ ಎಂದು ಆಚರಿಸಿ, ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಗುಡಿಸಿ ಸಾರಿಸುವ ರೂಢಿ ಉಳಿದುಕೊಂಡಿತು.

ಕಡ್ಡಾಯವಿಲ್ಲದ ದುಡಿಮೆ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಅಪ್ಪ ವಾರಾನ್ನದ ಹುಡುಗ.

ಈ ಪದ ಈಗಿನವರಿಗೆ ಹೇಳಬೇಕಾಗಬಹುದು. ಮೈಸೂರಿಗೆ ಓದಲು ಬಂದ ಬಡಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಂಡು ಓದುತ್ತಿದ್ದರು. ಅನ್ನ ಹಾಕಿದವರು ಪುಣ್ಯವಂತರು, ಅದರಲ್ಲಿ ಎರಡು ಮಾತಿಲ್ಲ. ಆ ಅನ್ನದಿಂದ ಎಷ್ಟೋ ಮಂದಿ ಮೇಷ್ಟರು, ವಕೀಲರು, ಅಮಲ್ದಾರರು ಆದರು. ಆದರೆ ಯಾರೂ ಹೇಳದೆಯೇ ಹುಡುಗನಿಗೆ ಗೊತ್ತಿರುತ್ತಿತ್ತು: ಊಟಕ್ಕೆ ಮೊದಲು ಬಾವಿಯಿಂದ ನಾಲ್ಕು ಕೊಡ ನೀರು ಸೇದಬೇಕು, ತರಕಾರಿ ತರಬೇಕು, ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು, ಉಂಡಮೇಲೆ ಎಲೆ ಎತ್ತಿ ನೆಲ ಸಾರಿಸಬೇಕು. ಆ ಮನೆಯ ಮಗನೂ ಇವನದೇ ತರಗತಿಯಲ್ಲಿ ಓದುತ್ತಿರಬಹುದು. ಅವನು ಕೈ ತೊಳೆದು ಎದ್ದು ಹೋಗುತ್ತಾನೆ. ಇವನು ಎಲೆ ಎತ್ತುತ್ತಾನೆ.

ಅಪ್ಪ ಇದನ್ನೆಲ್ಲ ನಮಗೆ ಹೇಳಿದವರೇ ಅಲ್ಲ. ನಾವು ಕಂಡದ್ದು ಎರಡೇ. ಒಂದು, ಕೊನೆಯ ತನಕ ತಮ್ಮ ತಟ್ಟೆಯನ್ನು ತಾವೇ ತೊಳೆದಿಡುತ್ತಿದ್ದರು. ಬಂಧುಗಳ ಮನೆಗೆ ಹೋದರೂ ತಟ್ಟೆ ಹಿಡಿದು ಹಿತ್ತಿಲಿಗೆ ಹೊರಟುಬಿಡುತ್ತಿದ್ದರು. ಮನೆಯ ಹೆಂಗಸರು ಓಡಿಬಂದು ಕಿತ್ತುಕೊಳ್ಳುತ್ತಿದ್ದರು. ಅಮ್ಮನಿಗೆ ಅವಮಾನವಾಗುತ್ತಿತ್ತು. ಇನ್ನೊಂದು, ಶನಿವಾರ ಒಪ್ಪೊತ್ತು. ರಾತ್ರಿ ಊಟ ಮಾಡುತ್ತಿರಲಿಲ್ಲ. ಆಂಜನೇಯನ ಭಕ್ತಿ ಎಂದು ನಾವೆಲ್ಲ ತಿಳಿದಿದ್ದೆವು. ಅವರು ಹೋಗಿ ಎಷ್ಟೋ ವರ್ಷವಾದ ಮೇಲೆ, ಪುಟ್ಟಿಯ ಫೋನು ಬಂದ ಈ ದಿನಗಳಲ್ಲೇ ಒಂದು ಸಂಜೆ, ಅಮ್ಮ ಬತ್ತಿ ಹೊಸೆಯುತ್ತ ತಾನಾಗಿ ಹೇಳಿದಳು: "ಭಕ್ತಿ ಏನೂ ಇಲ್ಲ. ಅವರಿಗೆ ಆರೇ ಮನೆ ಸಿಕ್ಕಿದ್ದು. ಶನಿವಾರದ ಮನೆ ಸಿಗಲಿಲ್ಲ." ಆಮೇಲೆ ಬತ್ತಿಯ ತುದಿಯನ್ನು ಬೆರಳಲ್ಲಿ ಹೊಸೆದು, "ಅಭ್ಯಾಸ ಆಗಿಹೋಗಿತ್ತು" ಎಂದು ಸೇರಿಸಿದಳು.

ಕಳೆದ ವಾರ ಪುಟ್ಟಿ ಮತ್ತೆ ಫೋನ್ ಮಾಡಿದಳು. ಅವಳಿಗೆ ಬಡ್ತಿಯಾಗಿದೆ. ಹೊಸದಾಗಿ ಬಂದ ಹುಡುಗರಿಗೆ ಪಾತ್ರೆಮನೆಯ ಕೆಲಸ ಕಲಿಸುವ ಜವಾಬ್ದಾರಿ. ಮೊದಲ ಪಾಠವೇ ತಣ್ಣೀರು. "ಅಜ್ಜಿ, ನಿಮ್ಮ ಹಾಲಿನ ಪಾತ್ರೆ ವಿಷಯ ಅವರಿಗೂ ಹೇಳಿದೆ" ಎಂದಳು. ಅಮ್ಮನಿಗೆ ಖುಷಿಯಾಯಿತು. ಆದರೆ ಅವಳ ತಲೆಯಲ್ಲಿ ಬಹಳ ದಿನದಿಂದ ಒಂದು ಪ್ರಶ್ನೆ ಕೂತಿತ್ತೆಂದು ಕಾಣುತ್ತದೆ.

"ಅಲ್ಲವೇ, ನಿಮ್ಮ ಪ್ರಿನ್ಸಿಪಾಲರೂ ಅಲ್ಲೇ ಊಟ ಮಾಡ್ತಾರಾ?"

"ಒಂದೊಂದು ಸಲ ಬರ್ತಾರೆ ಅಜ್ಜಿ, ನಮ್ಮ ಜೊತೆಗೇ ಕೂರ್ತಾರೆ."

"ಅವರ ತಟ್ಟೆ ಯಾರು ತೊಳೀತಾರೆ?"

"ನಾವೇ."

"ಸರಿ. ನಿಮ್ಮ ತಟ್ಟೆ ತೊಳೆಯೋ ಸರದಿ ಅವರಿಗೆ ಯಾವಾಗ ಬರುತ್ತೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಲೈನ್ ಹೋಯಿತೇನೋ ಎಂದು ನಾನು ಫೋನ್ ಎತ್ತಿ ನೋಡಿದೆ. ಆಮೇಲೆ ಪುಟ್ಟಿ ನಕ್ಕು, "ಕೇಳ್ತೀನಿ ಅಜ್ಜಿ" ಎಂದಳು. ಕೇಳಿಯೇ ಕೇಳುತ್ತಾಳೆ. ಅವಳ ಅಮ್ಮನಿಗೆ ಈಗ ಅದೇ ಹೊಸ ಚಿಂತೆ.

ಫೋನ್ ಇಟ್ಟ ಮೇಲೆ, ಅಮ್ಮನ ಪ್ರಶ್ನೆಯನ್ನು ಮೆಚ್ಚುತ್ತ, ಇದನ್ನು ಹೇಗಾದರೂ ಪ್ರಬಂಧದ ಕೊನೆಗೆ ತರಬೇಕೆಂದು ಲೆಕ್ಕ ಹಾಕುತ್ತ ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿದೆ. ಅಮ್ಮ ನನ್ನನ್ನು ನೋಡುತ್ತಿದ್ದಳು. ನನ್ನನ್ನಲ್ಲ, ನನ್ನ ಮುಂದೆ ಮೇಜಿನ ಮೇಲಿದ್ದ ಕಾಫಿ ಲೋಟವನ್ನು. ತಳದಲ್ಲಿ ಕಾಫಿ ಒಣಗಿ ವರ್ತುಲ ಕಟ್ಟಿತ್ತು. ಬೆಳಗಿನದು. ಈಗ ಸಂಜೆ.

"ನಿಮ್ಮ ಕಾಲೇಜಲ್ಲಿ ಅದು ಕಡ್ಡಾಯ ಇರಲಿಲ್ಲ, ಅಲ್ಲವೇ?" ಎಂದಳು.

ಲೋಟ ಹಿಡಿದು ಎದ್ದೆ. ಸಿಂಕಿನಲ್ಲಿ ಹಾಲಿನ ಪಾತ್ರೆಯೂ ಇತ್ತು. ಬಿಸಿನೀರಿನ ನಲ್ಲಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ತಣ್ಣೀರು ಬಿಟ್ಟೆ.